ಗೆರೆಯಾಚೆಯ ನೀರು

ಜನವರಿ ೯

ತಂಗಿ,

ನಿನ್ನ ಪತ್ರ ಶಾಂತಿಪಡೆಯ ಬಿಳಿ ಜೀಪಿನಲ್ಲಿ ಬಂತು. ತಂದವನು ನನ್ನ ಬಾಗಿಲಿಗಿಂತ ಒಂದು ಗೇಣು ಎತ್ತರ, ತಲೆಗೆ ನೀಲಿ ಟೋಪಿ. ನಾನು ಅವನಿಗೆ ಉದ್ದಣ್ಣ ಅಂತ ಹೆಸರಿಟ್ಟಿದ್ದೇನೆ. ಜೊತೆಗೊಬ್ಬಳು ದುಭಾಷಿ ಹುಡುಗಿ. ಊರುಗಳ ನಡುವೆ ಗೆರೆ ಎಳೆದು ಇಷ್ಟು ವರ್ಷ ಆದಮೇಲೆ, ಪತ್ರ ಒಯ್ಯಲು ಈಗ ಎರಡೂ ಕಡೆಯವರು ಒಪ್ಪಿದ್ದಾರಂತೆ. ದೊಡ್ಡ ಉಪಕಾರ.

ಮೊದಲು ಕ್ಷೇಮ ಬರೆಯಬೇಕು ಅಂತ ಆ ಹುಡುಗಿ ಹೇಳಿಕೊಟ್ಟಳು. ಬದುಕಿದ್ದೇನೆ. ಮೊಣಕಾಲು ನೋಯುತ್ತದೆ. ನಾಲ್ಕನೇ ಕ್ಲಾಸಿಗೆ ಬಿಟ್ಟ ಅಕ್ಷರ, ಓದಲು ಆಗದಿದ್ದರೆ ಊಹಿಸಿಕೋ.

ನೀನು ಬರೆದದ್ದು ಅರ್ಥವಾಯಿತು. ಮೇ ಕೊನೆಗೆ ಶಾಂತಿಪಡೆ ಗಂಟುಮೂಟೆ ಕಟ್ಟುತ್ತದೆ. ಆಮೇಲೆ ಪತ್ರವೂ ಇಲ್ಲ, ದಾರಿಯೂ ಇಲ್ಲ. ಅಷ್ಟರೊಳಗೆ, ಗೆರೆಯಾಚೆ ಒಡಹುಟ್ಟಿದವರು ಇದ್ದರೆ ನಮ್ಮ ಮೇಲಿನ ಕಡೆಯಿಂದ ನಿಮ್ಮ ಕೆಳಗಿನ ಕಡೆಗೆ ಹೋಗಿ ನೆಲೆಸಬಹುದು. ನಮ್ಮವರು ಹೋಗುವವರನ್ನು ಬಿಡುತ್ತಾರೆ, ಬರುವವರನ್ನು ಸೇರಿಸುವುದಿಲ್ಲ, ಹೋದವರನ್ನೂ ವಾಪಸ್ ಸೇರಿಸುವುದಿಲ್ಲ. ಅದಕ್ಕೇ ನೀನು "ಒಬ್ಬನೇ ಇದ್ದೀಯ, ಬಂದುಬಿಡು ಅಣ್ಣ" ಅಂದಿದ್ದೀಯ.

ಆಗುವುದಿಲ್ಲ. "ಪರದೇಶಕ್ಕೆ ಹೋಗಿ ನೆಲೆಸುತ್ತೇನೆ" ಅಂತ ಸಹಿ ಹಾಕಬೇಕಂತೆ. ಇಲ್ಲಿ ವಾಲ್ವ್ ಮನೆಯ ಮೆಟ್ಟಿಲ ಮೇಲೆ ನಿಂತರೆ ನೀನು ಕೆಲಸ ಮಾಡುವ ಆಸ್ಪತ್ರೆಯ ಹೊಗೆಕೊಳವೆ ಕಾಣುತ್ತದೆ. ಅದು ಪರದೇಶವಂತೆ. ಅಲ್ಲದೆ ಬಂದು ಮಾಡುವುದೇನು? ನಿನ್ನ ದರ್ಜಿ ಗಂಡನ ಹೊಲಿಗೆ ಮಿಷನ್ನಿನ ಪಕ್ಕ ಮಲಗಿ ಅವನ ನೀತಿಪಾಠ ಕೇಳಲೇ? ನಿನ್ನ ಮದುವೆಗೆ ಅವನು ನನಗೆ ಹೊಲಿದ ಅಂಗಿಯ ಒಂದು ತೋಳು ಗಿಡ್ಡ. ಕೇಳಿದರೆ "ನಿಮ್ಮ ಕೈಯೇ ಹಾಗಿದೆ" ಅಂದ.

ಇಲ್ಲಿ ನನಗೆ ಕೆಲಸವಿದೆ. ಮೇಲಿನ ತೊಟ್ಟಿಯಿಂದ ಎರಡು ಪೈಪು ಇಳಿಯುತ್ತವೆ, ಒಂದು ನಮ್ಮ ಊರಿಗೆ, ಇನ್ನೊಂದು ಗೆರೆ ದಾಟಿ ನಿಮ್ಮ ಊರಿಗೆ. ನೀರಗಂಟಿ ನಾನೊಬ್ಬನೇ. ಬೆಳಿಗ್ಗೆ ಎರಡೂ ವಾಲ್ವ್ ತಿರುಗಿಸುತ್ತೇನೆ. ಕೆಳಗಿನವರಿಗೆ ನೀರು ಬಿಟ್ಟೆನೋ ಇಲ್ಲವೋ ಅಂತ ಉದ್ದಣ್ಣ ನಿಂತು ನೋಡಿ ಬರೆದುಕೊಂಡು ಹೋಗುತ್ತಾನೆ. ನಾನು ಗೊಣಗುವುದನ್ನು ಕೇಳಿ ಕೇಳಿ ಅವನು ಕಲಿತ ನಮ್ಮ ಮಾತು ಒಂದೇ, "ಥತ್". ನಿನ್ನೆ ತನ್ನ ಮೇಲಧಿಕಾರಿಗೆ ಸೆಲ್ಯೂಟ್ ಹೊಡೆದು ಅದನ್ನೇ ಅಂದನಂತೆ.

ನಿನ್ನ ಅಣ್ಣ


ಜನವರಿ ೨೮

ಪ್ರೀತಿಯ ಅಣ್ಣ,

ನಿನ್ನ ಅಕ್ಷರ ಓದಲು ಎರಡು ಊಟದ ಬಿಡುವು ಬೇಕಾಯಿತು. ಬೈಗುಳ ಮಾತ್ರ ಬೇಗ ಅರ್ಥವಾಯಿತು.

ನೀನು ಕ್ಷೇಮ ಅಂತ ಬರೆಯುವ ಅಗತ್ಯವೇ ಇಲ್ಲ, ನನಗೆ ದಿನಾ ಗೊತ್ತಾಗುತ್ತದೆ. ನಮ್ಮ ಒಗೆಯುವ ಕೋಣೆಯಲ್ಲಿ ನಾಲ್ಕು ಕಲ್ಲಿನ ತೊಟ್ಟಿಗಳಿವೆ. ಬೆಳಿಗ್ಗೆ ವಾರ್ಡುಗಳಿಂದ ಚಾದರದ ರಾಶಿ ಬಂದು ಬೀಳುತ್ತದೆ, ನಾವೆಲ್ಲ ಕೈಕಟ್ಟಿ ನಲ್ಲಿ ನೋಡುತ್ತ ನಿಂತಿರುತ್ತೇವೆ. ಮೊದಲು ನಲ್ಲಿ ಉಸಿರು ಬಿಡುತ್ತದೆ. ಆಮೇಲೆ ದಾರದಷ್ಟು ನೀರು. ಸ್ವಲ್ಪ ಹೊತ್ತು ಬಿಟ್ಟು ತುಂಬಿ ಬರುತ್ತದೆ. ಅದು ನಿನ್ನ ಕೈ. ನಿನಗೆ ಜ್ವರವೋ ಏನೋ, ನೀನು ಬಾರದ ದಿನಗಳಲ್ಲಿ ಇನ್ಯಾರೋ ಒಮ್ಮೆಲೇ ತಿರುಗಿಸಿಬಿಡುತ್ತಾರೆ, ಗೋಡೆಯೊಳಗೆ ಪೈಪು ಧಡ್ ಧಡ್ ಅಂತ ಗುದ್ದುತ್ತದೆ. ಇಸ್ತ್ರಿ ಮಾಡುವವಳು ನೀರು ಬಂದಾಗೆಲ್ಲ "ಬಂದ್ರು ನೋಡ್ರೇ ಇವಳಣ್ಣ, ಸೆರಗು ಸರಿ ಮಾಡ್ಕೊಳ್ಳಿ" ಅಂತ ನಗಿಸುತ್ತಾಳೆ.

ಆದರೂ ಬಾ ಅಣ್ಣ. ಪರದೇಶ ಅಂತ ಬರೆದುಕೊಟ್ಟರೆ ಕೈಯೇನೂ ಸವೆಯುವುದಿಲ್ಲ. ಅತ್ತಿಗೆ ಹೋದಮೇಲೆ ನೀನು ಏನು ಬೇಯಿಸಿಕೊಳ್ಳುತ್ತೀಯೋ, ಯಾರ ಜೊತೆ ಜಗಳ ಆಡುತ್ತೀಯೋ.

ಇವರು ಚೆನ್ನಾಗಿದ್ದಾರೆ. ಸ್ವಲ್ಪ ಆಯಾಸ ಅಂತ ಅಂಗಡಿಗೆ ಬಾಗಿಲು ಹಾಕಿದ್ದಾರೆ. ನನಗೀಗ ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ, ಸಂಜೆಯೂ ಅಲ್ಲೇ ಇರುತ್ತೇನೆ. ನಿನ್ನ ಪತ್ರ ಇವರಿಗೆ ಓದಿ ಹೇಳಿದೆ. ಅಂಗಿಯ ವಿಷಯಕ್ಕೆ ನಕ್ಕರು. "ನಿಮ್ಮಣ್ಣ ಅಳತೆ ತಗೋವಾಗ ನೆಟ್ಟಗೆ ನಿಂತ್ರೆ ತಾನೆ" ಅಂದರು.

ನಿನ್ನ ತಂಗಿ


ಫೆಬ್ರವರಿ ೧೮

ತಂಗಿ,

ನಿನಗೆ ಹೇಳಿದರೆ ಬೇಸರ, ಹೇಳದಿದ್ದರೆ ನನಗೆ ಹೊಟ್ಟೆನೋವು. ಆಯಾಸವಂತೆ, ಆಯಾಸ. ಕಾಲಲ್ಲಿ ಮಿಷನ್ ತುಳಿಯುವವನಿಗೆ ಯಾವ ಸೀಮೆಯ ಆಯಾಸ? ಅವನು ಅಂಗಡಿ ಮುಚ್ಚಿ ಕಾಲು ಚಾಚಿದ್ದಾನೆ, ನೀನು ಎರಡು ಪಾಳಿ ದುಡಿಯುತ್ತಿದ್ದೀಯ. ನಾನು ಅಲ್ಲಿಗೆ ಬಂದರೆ ಮೂರನೇ ದಿನ ಅವನನ್ನು ಎಬ್ಬಿಸಿ ಅಂಗಡಿಗೆ ಅಟ್ಟುತ್ತೇನೆ. ಹಾಗಾಗಿ ಬರದಿರುವುದೇ ನಿಮ್ಮ ಸಂಸಾರಕ್ಕೆ ಕ್ಷೇಮ.

ಇಲ್ಲಿ ಗಾಳಿ ಸರಿಯಿಲ್ಲ. ಗೆರೆಯ ಹತ್ತಿರ ಎರಡು ಸಲ ಗುಂಡು ಹಾರಿತು. ಯಾರು ಮೊದಲು ಅಂತ ಶಾಂತಿಪಡೆಯವರು ಇಬ್ಬರನ್ನೂ ಕೇಳಿದರು, ಇಬ್ಬರೂ ಎದುರಿನವರನ್ನು ತೋರಿಸಿದರು. ನಮ್ಮ ಇಂಜಿನಿಯರ್ ಸಾಹೇಬರು ವಾಲ್ವ್ ಮನೆಗೆ ಬಂದಿದ್ದರು. ಕಾಲಿಗೆ ಹೊಳೆಯುವ ಬೂಟು. ಎರಡು ಮಾತಾಯಿತು. ಅದು ನಿನಗೆ ಬೇಡ.

ಸ್ವಲ್ಪ ದಿನ ಬಕೆಟ್ಟು, ಕೊಳಗ ಎಲ್ಲ ತುಂಬಿಸಿಟ್ಟುಕೊಂಡಿರು. ಆಸ್ಪತ್ರೆಯವರಿಗೂ ಹೇಳು. ಯಾಕೆ ಅಂತ ಕೇಳಬೇಡ. ಕೇಳಿದರೂ ಹೇಳುವುದಿಲ್ಲ.

ನಿನ್ನ ಅಣ್ಣ


ಮಾರ್ಚ್ ೧೨

ಅಣ್ಣನವರಿಗೆ,

ನೀವು ತುಂಬಿಸಿಡು ಅಂತ ಬರೆದ ಪತ್ರ ನನ್ನ ಕೈಗೆ ಬಂದಾಗ ನೀರು ನಿಂತು ಆಗಲೇ ಎರಡು ದಿನವಾಗಿತ್ತು.

ಈಗ ಒಗೆಯುವ ಕೋಣೆಯ ತೊಟ್ಟಿಗಳು ಒಣಗಿವೆ. ಚಾದರಗಳು ಬಾಗಿಲ ತನಕ ಬಿದ್ದಿವೆ, ವಾಸನೆಗೆ ನಿಲ್ಲಲು ಆಗುವುದಿಲ್ಲ. ಟ್ಯಾಂಕರ್ ಬಂದರೆ ಆಪರೇಷನ್ ಕೋಣೆಗೆ ಮೊದಲು, ಉಳಿದರೆ ವಾರ್ಡಿಗೆ. ಮೊದಲ ದಿನ ಇಸ್ತ್ರಿಯವಳು "ಯಾಕಮ್ಮಾ, ನಿಮ್ಮಣ್ಣ ಬರ್ಲಿಲ್ವಾ ಇವತ್ತು?" ಅಂದಳು. ಎಲ್ಲರೂ ನಕ್ಕರು. ಈಗ ಯಾರೂ ನನ್ನ ಹತ್ತಿರ ಮಾತಾಡುವುದಿಲ್ಲ. ಊಟದ ಡಬ್ಬಿ ತೆಗೆದರೆ ಬೆಂಚಿನ ಆ ತುದಿಗೆ ಸರಿದು ಕೂರುತ್ತಾರೆ.

ನೀರು ನಿಲ್ಲಿಸುವುದು ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಬರೆದಿರಿ. ಮೇಲಿನವರು ಹೇಳಿದರು, ನೀವು ತಿರುಗಿಸಿದಿರಿ. ಕೆಲಸ ಉಳಿಯಬೇಕಲ್ಲ. ತಂಗಿಗೆ ಮಾತ್ರ ಎರಡು ಬಕೆಟ್ಟು ತುಂಬಿಸಿಟ್ಟುಕೋ ಅಂತ ಗುಟ್ಟಾಗಿ ಹೇಳಿದರೆ ಋಣ ತೀರಿತು ಅಂದುಕೊಂಡಿರಾ?

ಇಲ್ಲಿಗೆ ಬನ್ನಿ ಅಂತ ಬರೆದಿದ್ದೆ. ಅದನ್ನು ಮರೆತುಬಿಡಿ.


ಮಾರ್ಚ್ ೨೦

ನಿಮ್ಮ ಪತ್ರ ತಲುಪಿತು. ಎತ್ತಿ ಆಡಿಸಿದ ಕೂಸು ನನಗೆ ಬಹುವಚನ ಹಚ್ಚಿದ್ದು ಸಂತೋಷ. ನಾನೂ ಹಚ್ಚುತ್ತೇನೆ.

ನೀವು ಏನು ತಿಳಿದುಕೊಂಡಿದ್ದೀರೋ ಅದನ್ನೇ ಇಟ್ಟುಕೊಳ್ಳಿ. ನನ್ನನ್ನು ನೋಡಿ ಬೆಳೆದವರಿಗೆ ನಾನು ಎಂಥವನು ಅಂತ ಕಾಗದದಲ್ಲಿ ಬರೆದು ತಿಳಿಸಬೇಕು ಅಂದರೆ, ಆ ಕಾಗದಕ್ಕೆ ಬೆಂಕಿ ಹಾಕ.


ಏಪ್ರಿಲ್ ೨೪

ಅಣ್ಣ,

ಇದನ್ನು ಹರಿದು ಹಾಕಬೇಡ. ಓದಿ ಆಮೇಲೆ ಹರಿ.

ಮೊನ್ನೆ ನೀರು ಬಂತು. ಶಾಂತಿಪಡೆಯ ದೊಡ್ಡ ಅಧಿಕಾರಿಗಳು ನಿಮ್ಮವರ ಹತ್ತಿರ ಕೂತು ಮಾತಾಡಿ ಬಿಡಿಸಿದರಂತೆ. ಒಗೆಯುವವರು ನಾವು ನಾಲ್ಕೂ ಜನ ಕೋಣೆಯಲ್ಲೇ ಇದ್ದೆವು. ನಲ್ಲಿ ಉಸಿರೂ ಬಿಡಲಿಲ್ಲ, ಏನೂ ಇಲ್ಲ. ಗೋಡೆಯೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಪೈಪು ಗುದ್ದಿತು, ನಲ್ಲಿಯ ಮೂತಿ ಕಿತ್ತು ಬಂತು, ಮಾರುಕಟ್ಟೆಯ ಹತ್ತಿರ ಪೈಪು ಒಡೆದು ರಸ್ತೆಯೆಲ್ಲ ಕೆಸರು. ಎಲ್ಲರೂ ಬಕೆಟ್ಟು ಹಿಡಿದು ಓಡಿದರು. ನಾನು ಮಾತ್ರ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಮರುದಿನವೂ ಅದೇ ಗುದ್ದು, ಮೂರನೇ ದಿನವೂ ಅದೇ.

ಜೀಪು ಬಂದಾಗ ದುಭಾಷಿ ಹುಡುಗಿಯನ್ನು ತಡೆದು ಕೇಳಿದೆ, "ನಮ್ಮಣ್ಣ ವಾಲ್ವ್ ಮನೇಲಿ ಇಲ್ವಾ?" ಅಂತ. ಅವಳು ನೆಲ ನೋಡಿದಳು. "ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ ಅಕ್ಕ" ಅಂದಳು. ಅಷ್ಟು ಸಾಕಾಯಿತು. ನೀನು ತಿರುಗಿಸಲಿಲ್ಲ. ಅದಕ್ಕೇ ನಿನ್ನನ್ನು ತೆಗೆದು ಬೇರೆಯವನನ್ನು ಹಾಕಿದ್ದಾರೆ. ಹೌದೋ ಅಲ್ಲವೋ?

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಇವರಿಗೆ ಆಯಾಸವಲ್ಲ ಅಣ್ಣ, ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಆಸ್ಪತ್ರೆಯ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡುತ್ತಿದ್ದರು. ಸಂಜೆ ನಾನು ಅಲ್ಲಿರುತ್ತಿದ್ದದ್ದು ಕೆಲಸಕ್ಕಲ್ಲ. ನಿನಗೆ ಹೇಳಿದರೆ ನೀನು ಬರುವುದು ಕನಿಕರಕ್ಕೆ ಬಂದಂತಾಗುತ್ತದೆ, ಬೇಡ ಅಂತ ಇವರೇ ಅಂದಿದ್ದರು. ಆ ಯಂತ್ರಕ್ಕೆ ತುಂಬ ನೀರು ಬೇಕು. ನೀರು ನಿಂತಮೇಲೆ ಯಂತ್ರ ನಿಲ್ಲಿಸಿದರು. ದೂರದ ದೊಡ್ಡಾಸ್ಪತ್ರೆಗೆ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ಕೊನೆಯ ಸಲ ಅಲ್ಲಿಗೆ ಮುಟ್ಟಲಿಲ್ಲ, ವ್ಯಾನಿನಲ್ಲೇ ಹೋದರು. ಅದು ಮಾರ್ಚ್ ಕೊನೆಯಲ್ಲಿ.

ಮನೆಯಲ್ಲಿ ಈಗ ನಾನೊಬ್ಬಳೇ. ಅರ್ಧ ಹೊಲಿದ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ ಬಂದು ಕೇಳಿ ತೆಗೆದುಕೊಂಡು ಹೋಗುತ್ತಿದ್ದಾರೆ. ಬಾ ಅಣ್ಣ. ಮರೆತುಬಿಡಿ ಅಂದ ಬಾಯಲ್ಲೇ ಕರೆಯುತ್ತಿದ್ದೇನೆ. ಗೆರೆ ದಾಟಿಸುವ ಕೊನೆಯ ಲಾರಿಗಾದರೂ ಬಾ.

ನಿನ್ನ ತಂಗಿ


ಮೇ ೪

ತಂಗಿ,

ನಿನ್ನ ಪತ್ರವನ್ನು ಉದ್ದಣ್ಣನ ಮುಂದೆಯೇ ಓದಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ಭಾವ ಹೋದ. ಆ ಮನುಷ್ಯ ವಾರ್ಡಿನಲ್ಲಿ ಮಲಗಿದ್ದಾಗ ನಾನು ಅವನನ್ನು ಸೋಮಾರಿ ಅಂತ ಬೈಯುತ್ತ ಕೂತಿದ್ದೆ. ನೀನು ಅದನ್ನೂ ಓದಿ ಹೇಳಿದೆಯೇನೋ. ಹೇಳಿದ್ದರೆ ನನಗೆ ಬರೆಯಬೇಡ.

ನೀನು ಕೇಳಿದೆ, ಹೇಳುತ್ತೇನೆ. ಇಂಜಿನಿಯರ್ ಸಾಹೇಬರು ಬಂದು "ಕೆಳಗಿನ ವಾಲ್ವ್ ಮುಚ್ಚು, ಗ್ರೀಸ್ ಹಾಕ್ತಿದೀವಿ ಅಂತ ಶಾಂತಿಪಡೆಯವರಿಗೆ ಹೇಳು" ಅಂದರು. "ಅಲ್ಲಿ ಆಸ್ಪತ್ರೆ ಇದೆ ಸಾಹೇಬ್ರೆ" ಅಂದೆ. "ಅಲ್ಲಿರೋದು ವೈರಿಗಳು" ಅಂದರು. "ನನ್ನ ತಂಗಿ ಅಲ್ಲಿ ಚಾದರ ಒಗೀತಾಳೆ" ಅಂದೆ. "ಹಾಗಾದ್ರೆ ಅವಳಿಗೆ ಬೇರೆ ಕೆಲಸ ಹುಡುಕ್ಕೊಳ್ಳೋಕೆ ಹೇಳು" ಅಂತ ನಕ್ಕರು. ಯೋಚಿಸಲು ಎಂಟು ದಿನ ಕೊಟ್ಟರು. ಆ ಎಂಟು ದಿನದಲ್ಲೇ ನಿನಗೆ ಬಕೆಟ್ಟಿನ ವಿಷಯ ಬರೆದದ್ದು. ಎಂಟನೇ ದಿನ ಮತ್ತೆ ಬಂದರು. ನಾನು ವಾಲ್ವ್ ತಿರುಗಿಸುವ ಕಬ್ಬಿಣದ ಪಾನಾ ತೆಗೆದು ಅವರ ಹೊಳೆಯುವ ಬೂಟಿನ ಮೇಲೆ ಹಾಕಿ ಹೊರಗೆ ಬಂದೆ.

ಆಗ ಎದೆ ಉಬ್ಬಿತ್ತು. ಈಗ ಅದೇ ಕುಟುಕುತ್ತದೆ. ಆಗಲಿ ಸಾಹೇಬರೇ ಅಂತ ತಲೆ ಆಡಿಸಿ ಒಳಗೇ ಉಳಿದುಕೊಂಡಿದ್ದರೆ, ಮುಚ್ಚಿದಂತೆ ಮಾಡಿ ಕಾಲುಭಾಗ ಬಿಡಬಹುದಿತ್ತು. ಯಂತ್ರಕ್ಕೆ ಅಷ್ಟು ಸಾಕಾಗುತ್ತಿತ್ತೋ ಏನೋ. ಸಿಟ್ಟು ಬಂದರೆ ನನಗೆ ಕಾಲ ಬುಡದ ನೆಲವೂ ಕಾಣುವುದಿಲ್ಲ. ಪಾನಾ ನನ್ನ ಕೈಯಲ್ಲಿತ್ತು ತಂಗಿ. ಬೇರೆಯವನ ಕೈಗೆ ಕೊಟ್ಟವನು ನಾನೇ.

ಇಷ್ಟು ದಿನ ನಾನು ಬರುವುದಿಲ್ಲ ಅಂದದ್ದು ದರ್ಜಿಯ ದೆಸೆಯಿಂದಲೂ ಅಲ್ಲ, ಪರದೇಶದ ಕಾಗದದ ದೆಸೆಯಿಂದಲೂ ಅಲ್ಲ. ನಾನು ಇಲ್ಲಿರುವ ತನಕ ನಿನ್ನ ನಲ್ಲಿಯಲ್ಲಿ ನೀರು ಬರುತ್ತದೆ ಅಂತ ಇತ್ತು. ಅದನ್ನು ಬಾಯಿ ಬಿಟ್ಟು ಹೇಳಲು ನಾಚಿಕೆ. ಈಗ ಆ ಕಾರಣವೂ ಉಳಿದಿಲ್ಲ. ನೌಕರಿ ಹೋಯಿತು, ಕೊಟ್ಟಿದ್ದ ಮನೆಯನ್ನೂ ಬಿಡಿಸಿದರು. ಬೀದಿಯ ಕೊನೆಯಲ್ಲಿ ಒಂದು ಕೋಣೆ, ಕಿಟಕಿ ತೆರೆದರೆ ಎದುರಿನ ಗೋಡೆ. ಒಬ್ಬನೇ ಇರುವುದು ಅಭ್ಯಾಸವಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ಹೋಗಲು ಎಲ್ಲಿಯೂ ಇಲ್ಲದೆ ಒಬ್ಬನೇ ಇರುವುದು ಬೇರೆ.

ಸಹಿ ಹಾಕಿದ್ದೇನೆ. ಮೇ ಮೂವತ್ತಕ್ಕೆ ಕೊನೆಯ ಲಾರಿ. ನನಗೊಂದು ಚಾಪೆ ಜಾಗ ಇಡು.

ನಿನ್ನ ಅಣ್ಣ


ಮೇ ೧೫

ಅಣ್ಣ,

ನಿನ್ನ ಪತ್ರ ಬಂದ ದಿನ ಹೊಲಿಗೆ ಮಿಷನ್ನನ್ನು ಮೂಲೆಗೆ ತಳ್ಳಿ ಮಂಚಕ್ಕೆ ಜಾಗ ಮಾಡಿದೆ. ಮಂಚವನ್ನೂ ತಂದು ಹಾಕಿದೆ.

ಅದರ ಮರುವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಪರದೆ ಬದಲಿಸಲು ಬಿಟ್ಟರೆ ನಾನು ಆ ಕೋಣೆಯೊಳಗೆ ಹೋದವಳಲ್ಲ. ಈ ಸಲ ಕುರ್ಚಿ ಕೊಟ್ಟರು. ಆಗಲೇ ನನಗೆ ಹೆದರಿಕೆಯಾಯಿತು.

ಶಾಂತಿಪಡೆ ಹೋಗುವ ಮೊದಲು ನೀರಿನ ಒಪ್ಪಂದ ಆಗಬೇಕಂತೆ. ಎಲ್ಲಕ್ಕೂ ಎರಡೂ ಕಡೆಯವರು ಒಪ್ಪಿದ್ದಾರೆ. ವಾಲ್ವ್ ಯಾರ ಕೈಯಲ್ಲಿ ಅನ್ನುವಲ್ಲಿಗೆ ಬಂದು ನಿಂತಿದೆ. ನಿಮ್ಮ ಮೇಲಿನ ಕಡೆಯವರು "ನಮ್ಮವನೇ ಆಗಬೇಕು" ಅನ್ನುತ್ತಾರೆ. ನಮ್ಮ ಕಡೆಯವರು "ನಿಮ್ಮವರನ್ನು ನಂಬಿ ಒಮ್ಮೆ ಸತ್ತಿದ್ದು ಸಾಕು" ಅನ್ನುತ್ತಾರೆ. ಆಗ ನಿನ್ನ ಉದ್ದಣ್ಣ ಎದ್ದು ನಿಂತು, ಮುಚ್ಚುವುದಿಲ್ಲ ಅಂತ ಕೆಲಸ ಬಿಟ್ಟವನೊಬ್ಬ ಇದ್ದಾನೆ ಅಂದನಂತೆ. ನಿನ್ನೊಬ್ಬನ ಹೆಸರಿಗೆ ಮಾತ್ರ ಎರಡೂ ಕಡೆ ತಲೆ ಆಡಿಸಿದ್ದಾರೆ. ನಿನ್ನನ್ನು ಕೇಳಿದರೆ "ನಂಗೆ ಲಾರಿಗೆ ಹೊತ್ತಾಯ್ತು, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದೆಯಂತೆ. ಇದನ್ನು ನೀನು ನನಗೆ ಬರೆಯಲಿಲ್ಲ.

ಅಲ್ಲೇ ಉಳಿ ಅಂತ ನಿನಗೆ ಬರೆಯಲು ಡಾಕ್ಟರು ಒತ್ತಾಯ ಮಾಡಲಿಲ್ಲ. "ನೀವು ಬರೀದೆ ಇದ್ರೂ ನಾನು ತಪ್ಪು ತಿಳಿಯಲ್ಲಮ್ಮ" ಅಂದರು. ಒತ್ತಾಯ ಮಾಡಿದ್ದರೆ ಜಗಳ ಆಡಿ ಎದ್ದು ಬರಬಹುದಿತ್ತು.

ಬರುವಾಗ ಯಂತ್ರದ ವಾರ್ಡಿನ ಮುಂದೆ ಹಾದು ಬಂದೆ. ಇವರಿದ್ದ ಹಾಸಿಗೆಯಲ್ಲಿ ಈಗ ಒಬ್ಬ ಬಸ್ ಡ್ರೈವರ್ ಇದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ ಸ್ಟೂಲಿನ ಮೇಲೆ ಕೂತು ನಿದ್ದೆ ಮಾಡುತ್ತಿದ್ದಳು. ನಾನು ಕೂರುತ್ತಿದ್ದ ಸ್ಟೂಲು. ಅವಳು ಎಚ್ಚರವಾದರೆ ಏನು ಹೇಳಲಿ ಅಂತ ಬೇಗ ಬೇಗ ನಡೆದೆ.

ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಬಂದರೆ ನಾನು ಬಾಗಿಲು ಹಾಕುವುದಿಲ್ಲ ಅಣ್ಣ, ಅದು ನಿನಗೆ ಗೊತ್ತು. ನಾನು ಅಲ್ಲಿಗೆ ಬರಲು ನಿಮ್ಮವರು ಬಿಡುವುದಿಲ್ಲ, ಅದೂ ಗೊತ್ತು.

ಬರಬೇಡ.

ನಿನ್ನ ತಂಗಿ


ಮೇ ೨೯

ತಂಗಿ,

ಎರಡು ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ಮಂಚ ಹಾಕಿದೆ ಅಂತ ಯಾಕೆ ಬರೆದೆ? ಬರಬೇಡ ಅನ್ನುವವಳು ಮಂಚದ ವಿಷಯ ಎತ್ತಬಾರದು. ಇಷ್ಟು ವಯಸ್ಸಾದರೂ ಅಷ್ಟು ಬುದ್ಧಿ ಬೇಡವೇ?

ಮೂರನೇ ದಿನ ಗಂಟು ಬಿಚ್ಚಿದೆ. ಎರಡು ಅಂಗಿ, ಕ್ಷೌರದ ಸಾಮಾನು, ನಿನ್ನ ಅತ್ತಿಗೆಯ ಫೋಟೋ, ನಿನಗೆ ಅಂತ ಕೊಂಡ ಒಂದು ಶಾಲು. ಶಾಲನ್ನು ದುಭಾಷಿ ಹುಡುಗಿಯ ಕೈಯಲ್ಲಿ ಕಳಿಸಿದ್ದೇನೆ. ಬಣ್ಣ ಚೆನ್ನಾಗಿಲ್ಲ ಅಂತ ನೀನು ಅನ್ನುತ್ತೀಯ. ಅಂಗಡಿಯವನ ಹತ್ತಿರ ಇದ್ದದ್ದು ಅದೊಂದೇ.

ಪಾನಾ ತಂದುಕೊಟ್ಟವರು ಇಂಜಿನಿಯರ್ ಸಾಹೇಬರೇ. "ಈ ಸಲ ಕೈಗೇ ಕೊಡ್ತಿದೀನಿ, ಕಾಲಿನ ಮೇಲೆ ಬೀಳೋದು ಬೇಡ" ಅಂದರು. ನಾನು ನಗಲಿಲ್ಲ. ಕೆಲಸ ಮಾತ್ರ ಒಪ್ಪಿಕೊಂಡಿದ್ದೇನೆ. ಹೊಸಬ ವಾಲ್ವಿನ ಗತಿ ಕೆಡಿಸಿಟ್ಟಿದ್ದ, ಅದನ್ನು ಬಿಚ್ಚಿ ಸರಿಮಾಡಲು ದಿನಗಳೇ ಹಿಡಿದವು.

ಇಲ್ಲಿ ಶಾಂತಿಪಡೆಯವರ ಡೇರೆಗಳು ಇಳಿಯುತ್ತಿವೆ. ಡೇರೆ ಇದ್ದ ಕಡೆ ಹುಲ್ಲು ಬಿಳಿಚಿಕೊಂಡಿದೆ. ಕಾವಲು ಗೋಪುರದ ಹಲಗೆಗಳನ್ನು ಎರಡೂ ಊರಿನವರು ಹಂಚಿಕೊಂಡರು, ಅದಕ್ಕೂ ಜಗಳವಾಯಿತು. ಉದ್ದಣ್ಣ ಬೆಳಿಗ್ಗೆ ಬಂದು ಕೊನೆಯ ಸಲ ನಿಂತು ನೋಡಿದ. ನಾಳೆಯಿಂದ ನೀರು ಬಿಟ್ಟೆನೋ ಇಲ್ಲವೋ ಅಂತ ನೋಡಲು ಯಾರೂ ಬರುವುದಿಲ್ಲ. ಅವನ ಊರಿನಲ್ಲಿ ಅವನಿಗೂ ಒಬ್ಬಳು ತಂಗಿ ಇದ್ದಾಳಂತೆ. ವರ್ಷವಾದರೂ ಪತ್ರ ಬರೆದಿಲ್ಲವಂತೆ. ಚೆನ್ನಾಗಿ ಬೈದೆ. ಹುಡುಗಿ ಪೂರ್ತಿ ಹೇಳಿದಳೋ ಅರ್ಧ ನುಂಗಿದಳೋ, ಅವನು ಮಾತ್ರ ಕತ್ತು ಬಗ್ಗಿಸಿ ಕೇಳಿಸಿಕೊಂಡ.

ಆ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದವರು ಈಗ ಹತ್ತಿರ ಬಂದರೆ ಮುಖ ತಿರುಗಿಸಬೇಡ. ಕೂತುಕೊಳ್ಳಲಿ. ನಿನಗೂ ಮಾತಾಡಲು ಯಾರಾದರೂ ಬೇಕು. ಭಾವನ ಮಿಷನ್ನನ್ನು ಮಾರಬೇಡ, ಕಲಿತುಕೋ. ನಿನ್ನ ಕೈ ಅವನ ಕೈಗಿಂತ ನೆಟ್ಟಗಿದ್ದೀತು.

ಹುಡುಗಿ ಹೊರಗೆ ಕಾಯುತ್ತಿದ್ದಾಳೆ. ನಿಮ್ಮ ಕಡೆಗೆ ಇದೇ ಕೊನೆಯ ಜೀಪು, ನಿನ್ನಿಂದ ಮತ್ತೆ ಏನೂ ಬರುವ ಹಾಗಿಲ್ಲ. ಆದ್ದರಿಂದ ಕೇಳಿ ಪ್ರಯೋಜನವಿಲ್ಲ. ಆದರೂ ಮೊದಲ ಪುಟದಿಂದ ಇದನ್ನೇ ಸುತ್ತಿ ಸುತ್ತಿ ಬಂದಿದ್ದೇನೆ, ಬರೆಯದೆ ಮಡಚಲು ಕೈ ಬರುತ್ತಿಲ್ಲ.

ಆ ವ್ಯಾನಿನಲ್ಲಿ ಹೋಗುವಾಗ, ನೀರು ನಿಲ್ಲಿಸಿದವನು ನಾನೇ ಅಂತ ಭಾವ ನಂಬಿದ್ದನೇ?

ನಿನ್ನ ಅಣ್ಣ